ಡಿ ಸ್ಯಾಚೆ, ರಾಗಿ ಮುದ್ದೆ ಮತ್ತು ಅಣ್ಣನ ಕಾಯಿಲೆ: ಒಂದು ಪ್ರಕರಣ

ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಅಂಗಿ ಜೇಬಿನಿಂದ ಒಂದು ಸ್ಯಾಚೆ ತೆಗೆದು ನನ್ನ ಟೇಬಲ್ ಮೇಲಿಟ್ಟರು. ವಿಟಮಿನ್ ಡಿ, 60,000 ಯೂನಿಟ್. ಹಾಲಿಗೆ ಹಾಕಿ ಕುಡಿಯುವ ಪುಡಿ.

"ಮೇಡಂ, ಇದನ್ನ ಪ್ರತಿ ಭಾನುವಾರ ತಪ್ಪಿಸದೆ ತಗೋತಿದೀನಿ. ಅಣ್ಣನಿಗೆ ಬಂದದ್ದು ನನಗೆ ಬರಲ್ಲ ಅಲ್ವಾ?"

ಅಣ್ಣನಿಗೆ ಬಂದದ್ದು ದೊಡ್ಡ ಕರುಳಿನ ಕ್ಯಾನ್ಸರ್. ಪಕ್ಕದಲ್ಲಿ ಅವರ ಹೆಂಡತಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರ ತುಂಬ ರಿಪೋರ್ಟುಗಳು.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆಹಾರ ತಜ್ಞೆ. ಶುಗರ್ ಇರುವವರು, ಕಿಡ್ನಿ ತೊಂದರೆಯವರು, ತೂಕ ಇಳಿಸಬೇಕಾದವರು ದಿನಾ ಬರುತ್ತಾರೆ. ಅವರಿಗೆ ಹೇಳಬೇಕಾದ ಮಾತು ನನಗೆ ಬಾಯಿಪಾಠವಾಗಿದೆ. ಈ ಪ್ರಶ್ನೆಗೆ ಮಾತ್ರ ಹೌದು ಎಂದೂ ಹೇಳಲಾಗಲಿಲ್ಲ, ಇಲ್ಲ ಎಂದೂ ಹೇಳಲಾಗಲಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ. ಬರೆಯಲು ಅವರು ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಬಂದವರು ಯಾರು

ವಯಸ್ಸು 47. ಚನ್ನಗಿರಿ ಕಡೆಯವರು. ಇಪ್ಪತ್ತು ವರ್ಷದಿಂದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಏಳುವುದು ಮಧ್ಯಾಹ್ನ ಊಟಕ್ಕೆ, ಆಮೇಲೆ ರಾತ್ರಿ ಎಂಟಕ್ಕೆ. ಎತ್ತರ 168 ಸೆಂಟಿಮೀಟರ್, ತೂಕ 84 ಕೆಜಿ. ಸೊಂಟದ ಸುತ್ತಳತೆ 102 ಸೆಂಟಿಮೀಟರ್. ಬಿಪಿಗೆ ಒಂದು ಮಾತ್ರೆ. ಶುಗರ್ ಇಲ್ಲ, ಆದರೆ ಗಡಿಯಲ್ಲಿದೆ. ಹೊಟ್ಟೆಯ ತೊಂದರೆ ಏನೂ ಇಲ್ಲ. ಮೋಷನ್‌ನಲ್ಲಿ ರಕ್ತ ಇಲ್ಲ, ತೂಕ ಇಳಿದಿಲ್ಲ.

ಒಂಬತ್ತು ತಿಂಗಳ ಹಿಂದೆ ಮೈಕೈ ನೋವು ಎಂದು ಡಾಕ್ಟರ ಹತ್ತಿರ ಹೋಗಿದ್ದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ನ್ಯಾನೋಗ್ರಾಂ ಬಂತು. 20ರ ಮೇಲಿರಬೇಕಾದದ್ದು 11. ವಾರಕ್ಕೊಂದರಂತೆ ಎಂಟು ವಾರ ಸ್ಯಾಚೆ ತಗೊಳ್ಳಿ, ನಿಲ್ಲಿಸಿ, ಮತ್ತೆ ಟೆಸ್ಟ್ ಮಾಡಿಸಿ ಎಂದು ಚೀಟಿಯಲ್ಲಿ ಬರೆದಿತ್ತು. ಸರಿಯಾದ ಸಲಹೆಯೇ. ಎಂಟು ವಾರಕ್ಕೆ ನೋವು ಕಡಿಮೆಯಾಯಿತು.

ಅಷ್ಟರಲ್ಲಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ವಿಟಮಿನ್ ಡಿ ಚೆನ್ನಾಗಿದ್ದರೆ ಕರುಳಿನ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂದು. ಮನೆಯಲ್ಲಿ ಅದೇ ಕಾಯಿಲೆ ಕಂಡವರು ಅದನ್ನು ಸುಮ್ನೆ ಓದಿ ಬಿಡಲಾರರು. ಚೀಟಿ ಇಲ್ಲದೆಯೇ ಅಂಗಡಿಯಲ್ಲಿ ಸ್ಯಾಚೆ ಸಿಗುತ್ತಿತ್ತು. ನನ್ನ ಬಳಿ ಬರುವ ಹೊತ್ತಿಗೆ ಮೂವತ್ತಾರು ವಾರ ಆಗಿತ್ತು. ಲೆಕ್ಕ ಹಾಕಿದರೆ ದಿನಕ್ಕೆ ಎಂಟೂವರೆ ಸಾವಿರ ಯೂನಿಟ್. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4,000 ದಾಟಬಾರದು ಎನ್ನುವುದು ಸಾಮಾನ್ಯ ಮಿತಿ. ನಮ್ಮ ದೇಶದಲ್ಲಿ ವಯಸ್ಕರಿಗೆ ದಿನಕ್ಕೆ ಬೇಕು ಎಂದು ಹೇಳಿರುವುದು 600.

ನಾನು ತಡವಾಗಿ ಕೇಳಿದ ಪ್ರಶ್ನೆ

ಇಲ್ಲಿ ನನ್ನದೊಂದು ತಪ್ಪನ್ನು ಬರೆಯಲೇಬೇಕು. ಅರ್ಧ ಗಂಟೆ ಊಟದ ವಿವರ ಕೇಳಿದೆ. ಎಷ್ಟು ಅನ್ನ, ಎಷ್ಟು ಎಣ್ಣೆ, ಟೀಗೆ ಎಷ್ಟು ಸಕ್ಕರೆ, ಎಲ್ಲ ಕೇಳಿದೆ. ಅಣ್ಣನಿಗೆ ಕ್ಯಾನ್ಸರ್ ಎಂದು ಒಂದು ಸಾಲು ಬರೆದುಕೊಂಡು ಮುಂದೆ ಹೋಗಿದ್ದೆ. ಅವರು ಏಳುವಾಗ ನೆನಪಾಗಿ ಕೇಳಿದೆ, "ಅಣ್ಣನಿಗೆ ಎಷ್ಟನೇ ವಯಸ್ಸಿಗೆ ಗೊತ್ತಾಯ್ತು?"

ಹೆಂಡತಿ ಹೇಳಿದರು, "ನಮ್ಮ ಭಾವನವ್ರಿಗೆ ಐವತ್ತೊಂದು, ಮೇಡಂ. ಎಂಟು ತಿಂಗಳು ಮೂಲವ್ಯಾಧಿ ಅಂದ್ಕೊಂಡು ನಾಟಿ ಔಷಧಿ ಮಾಡಿಸಿದ್ವಿ. ರಕ್ತ ನಿಲ್ಲಲೇ ಇಲ್ಲ."

ಅಣ್ಣನಿಗೆ ಕಾಯಿಲೆ ತಿಳಿದಾಗ ಮೂರನೇ ಹಂತ. ಆಪರೇಷನ್ ಆಯಿತು, ಕೀಮೋ ಆಯಿತು. ಈಗ ಎರಡು ವರ್ಷ, ಚೆನ್ನಾಗಿದ್ದಾರೆ.

ಐವತ್ತೊಂದು ಎಂದ ಕೂಡಲೇ ನಾನು ಬರೆದಿದ್ದ ಊಟದ ಪಟ್ಟಿ ಎರಡನೇ ಮಾತಾಯಿತು. ಒಡಹುಟ್ಟಿದವರಿಗೋ ತಂದೆತಾಯಿಗೋ 60ಕ್ಕೆ ಮೊದಲು ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಉಳಿದವರು 40ನೇ ವಯಸ್ಸಿಗೆ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕು. ಇಲ್ಲವೇ ಕಾಯಿಲೆ ಬಂದವರ ವಯಸ್ಸಿಗಿಂತ ಹತ್ತು ವರ್ಷ ಮೊದಲು. ಯಾವುದು ಮೊದಲು ಬರುತ್ತದೋ ಅದು. ಇವರಿಗೆ 40 ಕಳೆದು ಏಳು ವರ್ಷ ಆಗಿದೆ. ಅಣ್ಣನ ಕಾಯಿಲೆ ತಿಳಿದೇ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಅಣ್ಣನ ಜೊತೆ ಆಸ್ಪತ್ರೆಗೆ ಹತ್ತಾರು ಸಲ ಹೋಗಿದ್ದಾರೆ. "ನೀವೂ ಒಂದು ಸಲ ನೋಡಿಸಿಕೊಳ್ಳಿ" ಎಂದು ಒಬ್ಬರೂ ಅವರಿಗೆ ಹೇಳಿರಲಿಲ್ಲ.

ಸ್ಯಾಚೆಯ ಮೇಲೆ ನಂಬಿಕೆ ಎಲ್ಲಿಂದ ಬಂತು

ಅವರನ್ನು ಮೊದಲು ಹೊಟ್ಟೆಯ ಡಾಕ್ಟರ ಬಳಿ ಕಳಿಸಿದೆ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ವಾಟ್ಸಾಪ್ ಮೆಸೇಜ್ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದು ಗಾಳಿಮಾತಲ್ಲ. ಇದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

1974ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೆಡ್ರಿಕ್ ಗಾರ್ಲೆಂಡ್ ಮತ್ತು ಫ್ರಾಂಕ್ ಗಾರ್ಲೆಂಡ್ ಎಂಬ ಅಣ್ಣತಮ್ಮಂದಿರು ಒಂದು ನಕ್ಷೆ ನೋಡಿದರು. ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಕ್ಯಾನ್ಸರ್‌ನಿಂದ ಎಷ್ಟು ಜನ ಸತ್ತರು ಎಂದು ಬಣ್ಣದಲ್ಲಿ ತೋರಿಸುವ ನಕ್ಷೆ ಅದು. ಕರುಳಿನ ಕ್ಯಾನ್ಸರ್ ಈಶಾನ್ಯದ ರಾಜ್ಯಗಳಲ್ಲಿ ಜಾಸ್ತಿ, ನ್ಯೂ ಮೆಕ್ಸಿಕೋ, ಅರಿಜೋನಾದಂಥ ಬಿಸಿಲಿನ ರಾಜ್ಯಗಳಲ್ಲಿ ಕಡಿಮೆ. ಬಿಸಿಲು ಬಿದ್ದಲ್ಲಿ ಚರ್ಮ ವಿಟಮಿನ್ ಡಿ ಮಾಡುತ್ತದೆ. ಕಾರಣ ಅದೇ ಇರಬಹುದೇ ಎಂದು 1980ರಲ್ಲಿ ಅವರು ಪ್ರಬಂಧ ಬರೆದರು.

ಆಮೇಲೆ 1985ರಲ್ಲಿ ಚಿಕಾಗೋದ ಸುಮಾರು ಎರಡು ಸಾವಿರ ಗಂಡಸರ 19 ವರ್ಷದ ಮಾಹಿತಿ ಬಂತು. ಊಟದಲ್ಲಿ ಡಿ ಮತ್ತು ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲಿ ಈ ಕ್ಯಾನ್ಸರ್ ಕಡಿಮೆ. 1989ರಲ್ಲಿ ಮೇರಿಲ್ಯಾಂಡ್‌ನ ಒಂದು ಅಧ್ಯಯನ. ಮೊದಲೇ ತೆಗೆದಿಟ್ಟಿದ್ದ 25 ಸಾವಿರಕ್ಕೂ ಹೆಚ್ಚು ಜನರ ರಕ್ತದಿಂದ, ಮುಂದೆ ಕಾಯಿಲೆ ಬಂದವರದ್ದನ್ನು ಹುಡುಕಿ ತೆಗೆದು ಪರೀಕ್ಷಿಸಿದರು. ಡಿ 20ಕ್ಕಿಂತ ಹೆಚ್ಚಿದ್ದವರಿಗೆ ಅಪಾಯ ಮೂರರಲ್ಲಿ ಒಂದರಷ್ಟು. ಇತ್ತೀಚೆಗೆ, 2018ರಲ್ಲಿ, 17 ದೊಡ್ಡ ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ಅದೇ ದಿಕ್ಕು. ಡಿ ತೀರಾ ಕಡಿಮೆ ಇದ್ದವರಲ್ಲಿ ಅಪಾಯ ಶೇಕಡಾ 31 ಹೆಚ್ಚು.

ದೇಹದೊಳಗಿನ ಕಾರಣಗಳೂ ಹೊಂದುತ್ತವೆ. ಕರುಳಿನ ಒಳಪದರದ ಕೋಶಗಳಲ್ಲಿ ಡಿ ಬಂದು ಕೂರುವ ಜಾಗ ಇದೆ. ಡಿ ಅಲ್ಲಿ ಕೂತು, ಕೋಶ ಅಡ್ಡಾದಿಡ್ಡಿ ಬೆಳೆಯದಂತೆ ಹಿಡಿಯುತ್ತದೆ. ಪಿತ್ತರಸದ ಕೆಲವು ಆಮ್ಲಗಳು ಕರುಳಿಗೆ ಕೆಟ್ಟವು. ಅವು ಬಂದಿವೆ ಎಂದು ಕೋಶಕ್ಕೆ ತಿಳಿಸುವುದೂ ಅದೇ ಜಾಗ.

ಇಷ್ಟು ಓದಿದರೆ ಯಾರಿಗಾದರೂ ಸ್ಯಾಚೆ ಕೊಳ್ಳಬೇಕು ಅನಿಸುತ್ತದೆ. ನನಗೂ ಒಂದು ಕಾಲಕ್ಕೆ ಅನಿಸಿತ್ತು.

ಕೊಟ್ಟು ನೋಡಿದಾಗ ಏನಾಯಿತು

ಡಿ ಹೆಚ್ಚಿದ್ದವರಿಗೆ ಕಾಯಿಲೆ ಕಡಿಮೆ ಎನ್ನುವುದು ಒಂದು ಮಾತು. ಕಡಿಮೆ ಇದ್ದವರಿಗೆ ಡಿ ಕೊಟ್ಟರೆ ಕಾಯಿಲೆ ಕಡಿಮೆಯಾಗುತ್ತದೆ ಎನ್ನುವುದು ಬೇರೆ ಮಾತು. ಎರಡನೆಯದನ್ನು ತಿಳಿಯಲು ಅರ್ಧ ಜನಕ್ಕೆ ಡಿ, ಅರ್ಧ ಜನಕ್ಕೆ ಅದೇ ರೀತಿ ಕಾಣುವ ಖಾಲಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಅದನ್ನೂ ಮಾಡಿದ್ದಾರೆ.

2006ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್‌ನ ಫಲಿತಾಂಶ ಬಂತು. ಮುಟ್ಟು ನಿಂತ 36,282 ಹೆಂಗಸರು. ಅರ್ಧ ಜನಕ್ಕೆ ದಿನಾ 1,000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ಡಿ. ಸುಮಾರು ಏಳು ವರ್ಷ. ಮಾತ್ರೆ ತಗೊಂಡವರಲ್ಲಿ 168 ಜನಕ್ಕೆ ಕಾಯಿಲೆ ಬಂತು, ತಗೊಳ್ಳದವರಲ್ಲಿ 154. ವ್ಯತ್ಯಾಸ ಇಲ್ಲ. 400 ಯೂನಿಟ್ ಬಹಳ ಕಡಿಮೆಯಾಯಿತು ಎಂದು ಹಲವರು ಹೇಳಿದರು. ಆ ಮಾತಿನಲ್ಲಿ ಹುರುಳಿತ್ತು.

2015ರಲ್ಲಿ ಪಾಲಿಪ್ ತೆಗೆಸಿಕೊಂಡಿದ್ದ 2,259 ಜನರ ಅಧ್ಯಯನ ಬಂತು. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಏಳುವ ಚಿಕ್ಕ ಗಂಟು. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ, ಆದರೆ ಈ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಪಾಲಿಪ್‌ನಿಂದಲೇ. ಇವರಿಗೆ ದಿನಾ 1,000 ಯೂನಿಟ್ ಡಿ, ಅಥವಾ ಕ್ಯಾಲ್ಸಿಯಂ, ಅಥವಾ ಎರಡೂ ಕೊಟ್ಟು ಮೂರರಿಂದ ಐದು ವರ್ಷ ನೋಡಿದರು. ಎಲ್ಲ ಗುಂಪಿನಲ್ಲೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನಕ್ಕೆ ಹೊಸ ಪಾಲಿಪ್ ಬಂತು. ಡಿ ತಡೆಯಲಿಲ್ಲ.

ಆಮೇಲೆ ವೈಟಲ್. ಬೋಸ್ಟನ್‌ನಲ್ಲಿ ಜೋಆನ್ ಮ್ಯಾನ್ಸನ್ ನಡೆಸಿದ ಅಧ್ಯಯನ. 25,871 ಜನ, ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕೂ ಸ್ವಲ್ಪ ಹೆಚ್ಚು. 2018ರಲ್ಲಿ ಫಲಿತಾಂಶ. ಡಿ ತಗೊಂಡವರಲ್ಲಿ 51 ಜನಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್, ತಗೊಳ್ಳದವರಲ್ಲಿ 47.

ಇದರಿಂದ ಡಿ ಪ್ರಯೋಜನಕ್ಕೆ ಬಾರದು ಎಂದು ತೀರ್ಮಾನಿಸುವುದು ತಪ್ಪು. ವೈಟಲ್‌ಗೆ ಸೇರಿದವರ ಡಿ ಸರಾಸರಿ 30ರ ಮೇಲಿತ್ತು. ಹೊಟ್ಟೆ ತುಂಬಿದವರಿಗೆ ಊಟ ಬಡಿಸಿ, ಊಟದಿಂದ ಉಪಯೋಗ ಇಲ್ಲ ಎಂದರೆ ಹೇಗೆ? ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಐದು ವರ್ಷ ಸಾಲದಿರಬಹುದು. ಆದರೆ ಇವತ್ತು ನನ್ನ ಮುಂದೆ ಕೂತವರಿಗೆ "ಸ್ಯಾಚೆ ತಗೊಳ್ಳಿ, ಬರಲ್ಲ" ಎಂದು ಹೇಳಲು ಯಾವ ಆಧಾರವೂ ಇಲ್ಲ.

ಹಾಗಾದರೆ ಡಿ ಕಡಿಮೆ ಇದ್ದವರಿಗೆ ಕಾಯಿಲೆ ಹೆಚ್ಚು ಕಂಡದ್ದು ಯಾಕೆ? ಇದಕ್ಕೆ ಉತ್ತರ ನನಗೆ ಅಡಿಕೆ ಮಂಡಿಯಲ್ಲೇ ಕಾಣಿಸಿತು. ಅಲ್ಲಿ ಮೂಟೆ ಹೊರುವ ಹಮಾಲರು ಇದ್ದಾರೆ. ಅಡಿಕೆ ಒಣಗಿಸುವವರು ಇದ್ದಾರೆ. ಇಡೀ ದಿನ ಬಿಸಿಲಲ್ಲಿ, ಇಡೀ ದಿನ ಓಡಾಟ. ಮೈಯಲ್ಲಿ ಬೊಜ್ಜಿಲ್ಲ. ಅವರ ರಕ್ತದಲ್ಲಿ ಡಿ ಇದ್ದರೆ ಅಚ್ಚರಿ ಇಲ್ಲ. ಇವರು ಗಾಜಿನ ಕಿಟಕಿಯ ಹಿಂದೆ ಕೂತಿದ್ದಾರೆ. ಡಿ ಮಾಡುವ ಬಿಸಿಲಿನ ಕಿರಣ ಗಾಜು ದಾಟುವುದಿಲ್ಲ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಡಿ ಅದರಲ್ಲಿ ಸೇರಿಕೊಂಡು ರಕ್ತದಲ್ಲಿ ಕಡಿಮೆ ಕಾಣುತ್ತದೆ. ಕೂತೇ ಇರುವುದು, ಬೊಜ್ಜು, ಬಿಸಿಲಿಲ್ಲದ ಬದುಕು ಒಟ್ಟಿಗೇ ಬಂದಿವೆ. ರಿಪೋರ್ಟಿನಲ್ಲಿ ಕಂಡ 11 ಇವೆಲ್ಲದರ ಗುರುತು.

ಅವರಿಗೆ ನಾನು ಹೇಳಿದ್ದು ಹೀಗೆ. "ತೋಟದ ಬಾವಿಯಲ್ಲಿ ನೀರು ಕೆಳಗೆ ಹೋದರೆ ಮಳೆ ಆಗಿಲ್ಲ ಅಂತ ಗೊತ್ತಾಗುತ್ತೆ. ಟ್ಯಾಂಕರ್ ತರಿಸಿ ಬಾವಿಗೆ ಸುರಿದರೆ ಮಟ್ಟ ಮೇಲೆ ಬರುತ್ತೆ. ಮಳೆ ಬಂದ ಹಾಗೆ ಆಗುತ್ತಾ?" ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಟ್ಯಾಂಕರ್ ಹೊಡೆಸುವ ಊರಿನವರು. ಅರ್ಥ ಮಾಡಿಸಬೇಕಾಗಲಿಲ್ಲ.

ಅವತ್ತೇ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಡಿ 92 ಇತ್ತು. ಕ್ಯಾಲ್ಸಿಯಂ 10.3, ಮೇಲಿನ ಗಡಿಯ ಹತ್ತಿರ. ಕಿಡ್ನಿ ಸರಿ ಇತ್ತು. ಇನ್ನಷ್ಟು ತಿಂಗಳು ಹೀಗೇ ಹೋಗಿದ್ದರೆ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು, ಕೊನೆಗೆ ಕಿಡ್ನಿಗೇ ಪೆಟ್ಟು ಬೀಳಬಹುದಿತ್ತು. ಡಾಕ್ಟರು ಸ್ಯಾಚೆ ನಿಲ್ಲಿಸಿದರು. ಅವರು ಮೇಜಿನ ಮೇಲಿಟ್ಟಿದ್ದ ಸ್ಯಾಚೆ ನನ್ನ ಡ್ರಾಯರ್‌ನಲ್ಲೇ ಉಳಿಯಿತು.

ಕರುಳಿನೊಳಗೆ ಕಂಡದ್ದು

ಕೊಲೊನೋಸ್ಕೋಪಿ ಎಂದರೆ ಅವರಿಗೆ ಭಯಕ್ಕಿಂತ ನಾಚಿಕೆಯೇ ಜಾಸ್ತಿ. "ನನಗೇನೂ ಆಗಿಲ್ವಲ್ಲ ಮೇಡಂ, ಯಾಕೆ?" ಎಂದು ಎರಡು ಸಲ ಕೇಳಿದರು. ಅಣ್ಣನಿಗೂ ಮೊದಲು ಏನೂ ಆಗಿರಲಿಲ್ಲ ಎಂದು ಹೆಂಡತಿಯೇ ಹೇಳಿದರು. ಅಣ್ಣ ಫೋನ್ ಮಾಡಿ ಬೈದ ಮೇಲೆ ಒಪ್ಪಿದರು.

ಹಿಂದಿನ ದಿನ ಬರೀ ತಿಳಿ ಗಂಜಿ, ಎಳನೀರು. ಸಂಜೆ ಎರಡು ಲೀಟರ್ ನೀರಿಗೆ ಕರುಳು ಖಾಲಿ ಮಾಡುವ ಪುಡಿ ಕಲಸಿ, ಕಾಲು ಗಂಟೆಗೊಂದು ಲೋಟದಂತೆ ಕುಡಿಯಬೇಕು. ಉಪ್ಪು ಉಪ್ಪು ರುಚಿ. ರಾತ್ರಿಯೆಲ್ಲ ಓಡಾಟ. ಅವರ ಮಾತಿನಲ್ಲಿ ಹೇಳುವುದಾದರೆ ಪರೀಕ್ಷೆಯಲ್ಲಿ ಕಷ್ಟ ಇದೊಂದೇ. ಮರುದಿನ ನಿದ್ದೆ ಬರುವ ಇಂಜೆಕ್ಷನ್ ಕೊಟ್ಟರು, ಎದ್ದಾಗ ಎಲ್ಲ ಮುಗಿದಿತ್ತು.

ಎರಡು ಪಾಲಿಪ್ ಸಿಕ್ಕವು. ಒಂದು ಗುದನಾಳದಲ್ಲಿ, 4 ಮಿಲಿಮೀಟರ್. ಇನ್ನೊಂದು ಎಡಗಡೆ ಕೆಳಗಿನ ಕರುಳಿನಲ್ಲಿ, 12 ಮಿಲಿಮೀಟರ್. ಡಾಕ್ಟರು ನನಗೂ ಚಿತ್ರ ತೋರಿಸಿದರು. ನಸುಗೆಂಪು ಗೋಡೆಯ ಮೇಲೆ ತೊಟ್ಟಿನಿಂದ ನೇತಾಡುವ ನೇರಳೆ ಹಣ್ಣಿನ ಹಾಗೆ ಒಂದು ಗಂಟು. ಮುಂದಿನ ಚಿತ್ರದಲ್ಲಿ ಅದರ ತೊಟ್ಟಿಗೆ ತಂತಿಯ ಕುಣಿಕೆ ಬಿದ್ದಿದೆ. ಅದರ ಮುಂದಿನದರಲ್ಲಿ ಗಂಟು ಇಲ್ಲ, ಒಂದು ಸಣ್ಣ ಬಿಳಿ ಕಲೆ ಮಾತ್ರ. ನೋವಿಲ್ಲ, ಹೊಲಿಗೆ ಇಲ್ಲ. ಸಂಜೆ ಮನೆಗೆ ಹೋದರು.

ಬಯಾಪ್ಸಿಯಲ್ಲಿ ಬಂದದ್ದು ಅಡಿನೋಮಾ. ಅಂದರೆ ಬಿಟ್ಟರೆ ಮುಂದೊಂದು ದಿನ ಕ್ಯಾನ್ಸರ್ ಆಗಬಲ್ಲ ಜಾತಿ. ಆಗ ಇನ್ನೂ ಆಗಿರಲಿಲ್ಲ. ಹತ್ತು ಮಿಲಿಮೀಟರ್‌ಗಿಂತ ದೊಡ್ಡದಿದ್ದ ಕಾರಣ ಮೂರು ವರ್ಷಕ್ಕೆ ಮತ್ತೆ ಬಂದು ನೋಡಿಸಿಕೊಳ್ಳಬೇಕು.

ರಕ್ತದಲ್ಲಿ ಡಿ 92, ಕರುಳಿನಲ್ಲಿ 12 ಮಿಲಿಮೀಟರ್ ಪಾಲಿಪ್. ಎರಡೂ ಒಂದೇ ತಿಂಗಳ ರಿಪೋರ್ಟು. ಇದನ್ನು ನೋಡಿ "ಡಿ ಸೋತಿತು" ಎಂದು ಬರೆಯುವ ಆಸೆ ಆಗುತ್ತದೆ. ಅದು ನ್ಯಾಯವಲ್ಲ. ಆ ಪಾಲಿಪ್ ಸ್ಯಾಚೆ ಶುರು ಮಾಡುವ ಎಷ್ಟೋ ವರ್ಷ ಮೊದಲೇ ಅಲ್ಲಿ ಮೊಳೆತಿರಬೇಕು. ಒಬ್ಬರ ರಿಪೋರ್ಟಿನಿಂದ ಔಷಧಿಯ ಗುಣ ತೀರ್ಮಾನವಾಗುವುದಿಲ್ಲ. ನಾನು ಹೇಳಬಹುದಾದದ್ದು ಇಷ್ಟೇ. ಭಾನುವಾರದ ಸ್ಯಾಚೆ ಕೊಟ್ಟ ಧೈರ್ಯದಿಂದ ಅವರು ಇನ್ನೂ ಐದಾರು ವರ್ಷ ಪರೀಕ್ಷೆಗೆ ಬರುತ್ತಿರಲಿಲ್ಲ. ನನಗೆ ಕಳವಳ ಆಗುವುದು ಅಲ್ಲಿ.

ತಟ್ಟೆಯ ವಿಷಯ

ಪಾಲಿಪ್ ತೆಗೆದಾಯಿತು. ಮುಂದೆ ಹೊಸದು ಬರದಂತೆ ಏನು ಮಾಡಬಹುದು? ಇಲ್ಲಿ ನನ್ನ ಕೆಲಸ ಶುರು.

ಜಗತ್ತಿನ ಅಧ್ಯಯನಗಳನ್ನೆಲ್ಲ ಕೂಡಿಸಿ ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ 2018ರಲ್ಲಿ ಒಂದು ವರದಿ ಕೊಟ್ಟಿತು. ಸಂಸ್ಕರಿಸಿದ ಮಾಂಸ, ಹೆಂಡ, ಬೊಜ್ಜು ಈ ಕ್ಯಾನ್ಸರ್ ಹೆಚ್ಚಿಸುತ್ತವೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. ಮೈ ಬಗ್ಗಿಸಿ ಕೆಲಸ, ನಡಿಗೆ ಕಡಿಮೆ ಮಾಡುತ್ತವೆ ಎನ್ನುವುದಕ್ಕೂ ಗಟ್ಟಿ ಸಾಕ್ಷಿ. ತವುಡು ತೆಗೆಯದ ಧಾನ್ಯ, ನಾರು, ಹಾಲು ಮೊಸರು ಬಹುಮಟ್ಟಿಗೆ ಕಾಪಾಡುತ್ತವೆ. ದಿನಕ್ಕೆ 90 ಗ್ರಾಂ ಇಡೀ ಧಾನ್ಯ ತಿಂದರೆ ಅಪಾಯ ಶೇಕಡಾ 17ರಷ್ಟು ಇಳಿಯುತ್ತದೆ ಎಂಬ ಅಂದಾಜಿದೆ. ವಿಟಮಿನ್ ಡಿ ಆ ಪಟ್ಟಿಯಲ್ಲಿ ಇದೆ, ಆದರೆ ಕೆಳಗೆ, "ಸೂಚನೆ ಇದೆ, ಸಾಕ್ಷಿ ಕಡಿಮೆ" ಎನ್ನುವ ಸಾಲಿನಲ್ಲಿ.

ನಾರಿನ ಮಾತು ಮೊದಲು ಜೋರಾಗಿ ಎತ್ತಿದವರು ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್. ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅಲ್ಲಿಯ ಹಳ್ಳಿಯವರಲ್ಲಿ ಈ ಕ್ಯಾನ್ಸರ್ ಬಹಳ ಅಪರೂಪ ಎಂದು ನೋಡಿ, 1971ರಲ್ಲಿ ಅದು ಊಟದ ನಾರಿನಿಂದ ಎಂದು ಬರೆದರು. ನನಗೆ ಇನ್ನೂ ಇಷ್ಟವಾದದ್ದು 2015ರ ಒಂದು ಪ್ರಯೋಗ. ಅಮೆರಿಕದ ಪಿಟ್ಸ್‌ಬರ್ಗ್‌ನ 20 ಜನ ಕಪ್ಪು ಜನಾಂಗದವರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ. ಎರಡು ವಾರ ಒಬ್ಬರ ಊಟ ಇನ್ನೊಬ್ಬರಿಗೆ. ಹಳ್ಳಿಯವರಿಗೆ ಬರ್ಗರ್, ಫ್ರೈಸ್. ಅವರ ನಾರು ದಿನಕ್ಕೆ 66 ಗ್ರಾಂನಿಂದ 12ಕ್ಕೆ ಇಳಿಯಿತು. ಅಮೆರಿಕದವರಿಗೆ ಮೆಕ್ಕೆಜೋಳ, ಕಾಳು; ಅವರದ್ದು 14ರಿಂದ 55ಕ್ಕೆ ಏರಿತು. ಎರಡೇ ವಾರದಲ್ಲಿ ಕರುಳಿನ ಒಳಪದರದ ಲಕ್ಷಣಗಳೂ ಅದಲುಬದಲಾದವು. ನಾರು ಹೆಚ್ಚಿದವರಲ್ಲಿ ಬ್ಯೂಟಿರೇಟ್ ಏರಿತು. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ಮಾಡುವ ವಸ್ತು ಅದು. ಕರುಳಿನ ಕೋಶಗಳಿಗೆ ಅದೇ ಊಟ. ಮೆಕ್ಕೆಜೋಳ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಎಕರೆಗಟ್ಟಲೆ ಬೆಳೆಯುತ್ತದೆ. ಹೆಚ್ಚಿನದೆಲ್ಲ ಕೋಳಿ ಆಹಾರಕ್ಕೆ ಹೋಗುತ್ತದೆ.

ಈಗ ಇವರ ತಟ್ಟೆ. ಬೆಳಿಗ್ಗೆ ದೋಸೆ ಅಥವಾ ಉಪ್ಪಿಟ್ಟು. ಹನ್ನೊಂದಕ್ಕೆ ಮಂಡಿಯ ಹೊರಗೆ ಟೀ, ಮಿರ್ಚಿ ಬಜ್ಜಿ. ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆ. ರಾತ್ರಿ ಮತ್ತೆ ಅನ್ನ. ಪಲ್ಯ ಇರುತ್ತದೆ, ಉಪ್ಪಿನಕಾಯಿ ಬಡಿಸಿದಷ್ಟು. ಭಾನುವಾರ ಮಟನ್. ಶನಿವಾರ, ಭಾನುವಾರ ಒಂದೊಂದು ಕ್ವಾರ್ಟರ್. ದಿನದ ನಾರು ನನ್ನ ಲೆಕ್ಕಕ್ಕೆ 16, 17 ಗ್ರಾಂ ಬಂತು. 30 ಆದರೂ ಬೇಕು.

"ಮುದ್ದೆ ಮಾಡಲ್ವಾ?" ಎಂದು ಕೇಳಿದೆ.

ಹೆಂಡತಿ ನಕ್ಕರು. "ಅತ್ತೆ ಇರೋವರೆಗೂ ಎರಡು ಹೊತ್ತೂ ಮುದ್ದೆನೇ. ಅವರು ಹೋದ ಮೇಲೆ ಮಕ್ಕಳು ಬೇಡ ಅಂತಾರೆ, ಇವರೂ ಅನ್ನನೇ ಸಾಕು ಅಂದ್ರು. ಒಬ್ಬಳಿಗೆ ಏನು ತೊಳಸೋದು ಅಂತ ಬಿಟ್ಟೆ."

100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, 360 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ನಿಜ. ಆದರೆ ಹತ್ತದೆ ಉಳಿದದ್ದು ದೊಡ್ಡ ಕರುಳಿಗೆ ಇಳಿದು ಪಿತ್ತದ ಆಮ್ಲಗಳನ್ನು ಹಿಡಿದುಕೊಳ್ಳುತ್ತದೆ ಎಂದು ತಜ್ಞರು ವಿವರಿಸುತ್ತಾರೆ. ಹಾಲು ಮೊಸರಿನ ಕ್ಯಾಲ್ಸಿಯಂ ಕರುಳನ್ನು ಕಾಯುವುದೂ ಹೀಗೇ ಎನ್ನುತ್ತಾರೆ.

ನಾನು ಹೊಸ ಊಟ ಬರೆದುಕೊಡಲಿಲ್ಲ. ಅವರ ಅತ್ತೆಯ ಕಾಲದ ಊಟವನ್ನೇ ವಾಪಸ್ ಕೇಳಿದೆ. ರಾತ್ರಿ ಅನ್ನದ ಬದಲು ಮುದ್ದೆ, ಮಧ್ಯಾಹ್ನ ಒಂದು ಮುದ್ದೆ ಸ್ವಲ್ಪ ಅನ್ನ. ಸಾರು ತಿಳಿಯಾಗಿರದೆ ಗಟ್ಟಿ ಇರಲಿ: ಒಂದು ದಿನ ಹುರುಳಿಕಾಳು, ಒಂದು ದಿನ ಅಲಸಂದೆ, ಒಂದು ದಿನ ದಂಟಿನ ಸೊಪ್ಪಿನ ಮಸ್ಸಪ್ಪು, ಅವರೆ ಕಾಲದಲ್ಲಿ ಅವರೆಕಾಳು. ಪಲ್ಯ ಒಂದು ಬಟ್ಟಲು. ಹನ್ನೊಂದರ ಬಜ್ಜಿ ಹೋಗಿ ಸೀಬೆಹಣ್ಣು, ಇಲ್ಲವೇ ಹುರಿದ ಕಡಲೆಕಾಳು. ದಿನಾ ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು. ಇದರಿಂದ ನಾರು 35ರ ಆಸುಪಾಸಿಗೆ ಬಂತು, ಕ್ಯಾಲ್ಸಿಯಂ ಸಾವಿರಕ್ಕೆ. ಒಮ್ಮೆಲೇ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೆ ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿದೆವು, ನೀರು ಜಾಸ್ತಿ ಕುಡಿಯಲು ಹೇಳಿದೆ.

ಮಟನ್ ಬಿಡಿ ಎಂದು ಹೇಳಲಿಲ್ಲ. ವಾರಕ್ಕೊಂದು ಸಲ ಮನೆಯಲ್ಲಿ ಮಾಡಿದ ಸಾರು ನನ್ನ ಚಿಂತೆಯಲ್ಲ. 2015ರಲ್ಲಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವಿಭಾಗ ಹೇಳಿದ್ದು ಸಾಸೇಜ್, ಬೇಕನ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು. ಕೆಂಪು ಮಾಂಸ "ಇರಬಹುದು" ಎನ್ನುವ ಕೆಳಗಿನ ಗುಂಪಿನಲ್ಲಿದೆ. ಕ್ವಾರ್ಟರ್ ಮಾತ್ರ ಪೂರ್ತಿ ಬಿಡಿ ಎಂದೆ. ಒಂದು ಕ್ವಾರ್ಟರ್‌ನಲ್ಲಿ 60 ಗ್ರಾಂ ಮದ್ಯಸಾರ. ಈ ಕಾಯಿಲೆ ಮನೆಯಲ್ಲಿರುವವರಿಗೆ ಅದರಲ್ಲಿ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಎಲೆಅಡಿಕೆಯ ಮಾತೂ ಬಂತು. ಅದು ಬಾಯಿಯ ಕ್ಯಾನ್ಸರ್ ವಿಷಯ, ಬೇರೆ ದಿನ ಕೂತು ಮಾತಾಡಿದೆವು.

ಬಿಸಿಲಿಗೆ ಮಧ್ಯಾಹ್ನದ ಊಟದ ಹೊತ್ತು ಸಿಕ್ಕಿತು. ಊಟಕ್ಕೆ ಮನೆಗೆ ಗಾಡಿಯಲ್ಲಿ ಹೋಗುತ್ತಿದ್ದವರು ಈಗ ನಡೆದು ಹೋಗುತ್ತಾರೆ, ಹೋಗಿ ಬರಲು ಅರ್ಧ ಗಂಟೆ. ಅಂಗಿ ತೋಳು ಮೊಣಕೈವರೆಗೆ ಮಡಿಸಿ. ಬೆಳಿಗ್ಗೆ ಏಳರ ಎಳೆಬಿಸಿಲು ಹಿತ, ಆದರೆ ಅದರಲ್ಲಿ ಡಿ ಮಾಡುವ ಕಿರಣ ಬಹಳ ಕಡಿಮೆ. ಹನ್ನೊಂದರಿಂದ ಎರಡರೊಳಗಿನ ಬಿಸಿಲೇ ಬೇಕು, ನಮ್ಮ ಕಂದು ಚರ್ಮಕ್ಕೆ ಸ್ವಲ್ಪ ಹೆಚ್ಚು ಹೊತ್ತು. ಊಟದಲ್ಲಿ ಡಿ ಇರುವುದು ಮೊಟ್ಟೆಯ ಹಳದಿಯಲ್ಲಿ, ಬೂತಾಯಿ, ಬಂಗುಡೆಯಂಥ ಮೀನಿನಲ್ಲಿ. ಬಂಗುಡೆ ದಾವಣಗೆರೆಗೂ ಬರುತ್ತದೆ. ತಿಂಗಳಿಗೆ ಎರಡು ಭಾನುವಾರ ಮಟನ್ ಬದಲು ಮೀನು ಆಯಿತು.

ಹತ್ತು ತಿಂಗಳ ನಂತರ

ತೂಕ 84ರಿಂದ 77. ಸೊಂಟ 94. ಶುಗರ್ ಗಡಿಯಿಂದ ಹಿಂದೆ ಸರಿದಿದೆ. ಡಿ 34, ಸ್ಯಾಚೆ ಇಲ್ಲದೆ. ಮಳೆಗಾಲದಲ್ಲಿ ಕೆಳಗೆ ಹೋದರೆ ಡಾಕ್ಟರು ಸಣ್ಣ ಪ್ರಮಾಣದ ಮಾತ್ರೆ ಕೊಡುತ್ತಾರೆ, ಅದು ಮೂಳೆಗೆ, ಮೈಕೈಗೆ. ಅದರಲ್ಲಿ ತಪ್ಪೇನೂ ಇಲ್ಲ. ಕ್ವಾರ್ಟರ್ ಪೂರ್ತಿ ನಿಂತಿಲ್ಲ, ಮದುವೆ ಮುಂಜಿಗೆ ಆಗುತ್ತದೆ ಎಂದು ಅವರೇ ಹೇಳಿದರು. ಹೇಳಿದರಲ್ಲ, ನನಗೆ ಸಮಾಧಾನ.

ಅಣ್ಣನೂ ಈಗ ತಮ್ಮನ ಜೊತೆ ಸಂಜೆ ನಡೆಯುತ್ತಾರೆ. ಅವರಿಗಾಗಿ ಒಂದು ಸುದ್ದಿ ಹೇಳಿದ್ದೆ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಜನರಲ್ಲಿ, ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದವರಲ್ಲಿ ಐದು ವರ್ಷಕ್ಕೆ ಶೇಕಡಾ 80 ಜನ ಕಾಯಿಲೆ ಮರುಕಳಿಸದೆ ಇದ್ದರು. ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ ಶೇಕಡಾ 74. 2025ರಲ್ಲಿ ಬಂದ ಫಲಿತಾಂಶ. ಅಣ್ಣ ಅದನ್ನು ಕೇಳಿ ಹೊಸ ಶೂ ತಗೊಂಡಿದ್ದಾರೆ. ಅವರ ಹಳೆಯ ಬಯಾಪ್ಸಿಯ ತುಣುಕನ್ನೂ ಪರೀಕ್ಷೆಗೆ ಕಳಿಸಿದೆವು. ವಂಶದಲ್ಲಿ ಹರಿಯುವ ಜೀನ್‌ನ ದೋಷ ಇದೆಯೇ ಎಂದು ಸುಳಿವು ಕೊಡುವ ಪರೀಕ್ಷೆ ಅದು. ಸುಳಿವು ಸಿಗಲಿಲ್ಲ. ಇದ್ದಿದ್ದರೆ ಮನೆಯವರೆಲ್ಲರ ಲೆಕ್ಕ ಬೇರೆಯೇ ಆಗುತ್ತಿತ್ತು.

ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಸರ್ಕಾರದ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದ್ದು ಇಲ್ಲ. ಎಲ್ಲರಿಗೂ ಕೊಲೊನೋಸ್ಕೋಪಿ ಮಾಡುವ ಅಗತ್ಯ ಇಲ್ಲಿ ಇದೆ ಎಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಬಂದಾಗ, ಆ ಹಾಸಿಗೆಯ ಪಕ್ಕ ನಿಂತ ಅಣ್ಣತಮ್ಮ, ಅಕ್ಕತಂಗಿಯರಿಗೆ ಅವತ್ತೇ ಹೇಳುವುದು ನಮ್ಮ ಕೆಲಸ. ಈಗ ನಮ್ಮ ವಿಭಾಗದಲ್ಲಿ ಆಹಾರದ ಚೀಟಿಯ ಮೇಲ್ತುದಿಯಲ್ಲೇ ಎರಡು ಪ್ರಶ್ನೆ ಸೇರಿಸಿದ್ದೇವೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದೆಯೇ? ಎಷ್ಟನೇ ವಯಸ್ಸಿಗೆ?

ಇವರಿಗೆ ಒಬ್ಬ ತಂಗಿ ಇದ್ದಾರೆ, ಹೊಳಲ್ಕೆರೆಗೆ ಕೊಟ್ಟಿದ್ದಾರೆ. ವಯಸ್ಸು 43. ಪರೀಕ್ಷೆಗೆ ಇನ್ನೂ ಬಂದಿಲ್ಲ. "ನನಗೇನೂ ಆಗಿಲ್ವಲ್ಲ ಅಣ್ಣ" ಎನ್ನುತ್ತಾರಂತೆ. ಹಬ್ಬಕ್ಕೆ ತವರಿಗೆ ಬಂದಾಗ ತಾವೇ ಕರೆದುಕೊಂಡು ಬರುವುದಾಗಿ ಇವರು ಹೇಳಿ, ಕರುಳು ಖಾಲಿ ಮಾಡುವ ಪುಡಿಯ ಪೊಟ್ಟಣದ ಹೆಸರು ಬರೆಸಿಕೊಂಡು ಹೋಗಿದ್ದಾರೆ. ಹಬ್ಬ ಕಳೆದ ಮೂರನೇ ದಿನಕ್ಕೆ ಡಾಕ್ಟರ ಪಟ್ಟಿಯಲ್ಲಿ ಜಾಗ ಹಿಡಿದಿಟ್ಟಿದ್ದೇನೆ.